ಗಂಟಿನೊಳಗೆ ಸೇರಿದ ಗುಂಪು

ನಮ್ಮ ಸಂಘದ ಗೆಳತಿಯೊಬ್ಬರ ಮಗಳಿಗೆ ಹೋದ ಚಳಿಗಾಲದಲ್ಲಿ ಕತ್ತಿನ ಪಕ್ಕ ಗಂಟು ಕಾಣಿಸಿತು. ನೋವಿಲ್ಲ, ಮುಟ್ಟಿದರೆ ರಬ್ಬರ್ ಹಾಗೆ. ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಊರಿಂದ ಫೋನ್ ಮಾಡಿದವರದ್ದೆಲ್ಲ ಒಂದೇ ಮಾತು: “ಮಗುಗೆ ಇಮ್ಯುನಿಟಿ ಕಡಿಮೆ, ಸರಿಯಾಗಿ ಊಟ ಮಾಡ್ತಿರ್ಲಿಲ್ಲ ಅಲ್ವಾ?” ಆ ತಾಯಿ ಇದೇ ಮಾತಿಗೆ ಎಷ್ಟು ಕೊರಗಿದರೋ! ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ಯಾನ್ಸರ್ ಕೋಶಗಳನ್ನು ಹುಡುಕಬೇಕು. ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ ಇರುತ್ತವೆ. ದೊಡ್ಡ ಕೋಶ, ಗೂಬೆಯ ಕಣ್ಣುಗಳ ಹಾಗೆ ಎರಡು ನ್ಯೂಕ್ಲಿಯಸ್. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಡೊರೊಥಿ ರೀಡ್ ಇವನ್ನು ವಿವರಿಸಿದರು. ಇಬ್ಬರ ಹೆಸರೂ ಕೋಶಕ್ಕೆ ಅಂಟಿಕೊಂಡಿದೆ. ಸುತ್ತ ಇರುವುದೆಲ್ಲ ನಮ್ಮದೇ ಕಾವಲು ಪಡೆ, ಅಂದರೆ ಇಮ್ಯುನಿಟಿಯ ಕೋಶಗಳು: ಟಿ ಕೋಶಗಳು, ಮ್ಯಾಕ್ರೊಫೇಜ್‌ಗಳು, ಇಯೊಸಿನೊಫಿಲ್‌ಗಳು. ಗಂಟು ದಪ್ಪವಾಗಿದ್ದೇ ಇವು ಬಂದು ಸೇರಿದ್ದರಿಂದ.

ಯಾಕೆ ಸೇರುತ್ತವೆ? ಕ್ಯಾನ್ಸರ್ ಕೋಶವೇ ಕರೆಯುತ್ತದೆ. ಒಗ್ಗರಣೆ ಘಮಕ್ಕೆ ಮನೆಮಂದಿ ಅಡುಗೆಮನೆಗೆ ಬರುವ ಹಾಗೆ, ಅದು ಬಿಡುವ ‘ಟಾರ್ಕ್’ ಎಂಬ ಪ್ರೋಟೀನಿನ ಜಾಡು ಹಿಡಿದು ಟಿ ಕೋಶಗಳು ಬರುತ್ತವೆ. ಅದೂ ಎಂಥವು? ಹೊಡೆಯುವವು ಕಡಿಮೆ. ನೆರವು ಕೊಡುವವು, ಬೇರೆಯವನ್ನು ಸುಮ್ಮನಿರಿಸುವವು ಜಾಸ್ತಿ. ಅವು ಒಂದೊಂದು ಕ್ಯಾನ್ಸರ್ ಕೋಶದ ಸುತ್ತ ಹೂವಿನ ಎಸಳಿನಂತೆ ಅಂಟಿ ನಿಲ್ಲುತ್ತವೆ. ಬದುಕಲು ಬೇಕಾದ ಸಂಕೇತಗಳು ಅದಕ್ಕೆ ಇವುಗಳಿಂದಲೇ ಸಿಗುತ್ತವೆ. ಲ್ಯಾಬಿನಲ್ಲಿ ಒಂಟಿಯಾಗಿ ಬೆಳೆಸಹೋದರೆ ಅದು ಸುಲಭಕ್ಕೆ ಬೆಳೆಯುವುದಿಲ್ಲ.

ಹೊಡೆಯಬಲ್ಲ ಕೋಶ ಹತ್ತಿರ ಬಂದರೂ ಕ್ಯಾನ್ಸರ್ ಕೋಶ ಅದರ ಮೇಲಿನ ಪಿಡಿ-1 ಎಂಬ ಬ್ರೇಕನ್ನು ಒತ್ತಿಬಿಡುತ್ತದೆ. ಆ ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ತಾಸುಕು ಹೊಂಜೊ ಅವರ ತಂಡ. 2018ರಲ್ಲಿ ಅವರಿಗೆ ನೊಬೆಲ್ ಬಂತು. ಬ್ರೇಕ್ ಸಡಿಲಿಸುವ ನಿವೊಲುಮ್ಯಾಬ್ ಔಷಧಿಯನ್ನು, ಬೇರೆ ಚಿಕಿತ್ಸೆಗಳಾದ ಮೇಲೂ ಕಾಯಿಲೆ ಮರುಕಳಿಸಿದ್ದ 23 ಜನರಿಗೆ ಕೊಟ್ಟರು. 20 ಜನರಲ್ಲಿ ಗಡ್ಡೆ ಕುಗ್ಗಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನನಗೆ ಕಣ್ಣು ತುಂಬಿತು.

ಆ ತಾಯಿ ಇನ್ನೊಂದು ಕೇಳಿದ್ದರು: “ಸೂಜಿ ಹಾಕಿ ನೋಡಿದ್ರೆ ಸಾಕಿತ್ತಲ್ಲ, ಇಡೀ ಗಂಟು ಯಾಕೆ ತೆಗೆದರು?” ನೂರಕ್ಕೆ ಒಂದೆರಡೇ ಇದ್ದರೆ ಸಣ್ಣ ಸೂಜಿಗೆ ಅದು ಸಿಗದೇ ಹೋಗಬಹುದು. ಸುತ್ತ ಯಾರು ಯಾರು ನಿಂತಿದ್ದಾರೆ ಅನ್ನುವುದನ್ನೂ ಡಾಕ್ಟರು ನೋಡಲೇಬೇಕಿತ್ತು.