ಭಾನುವಾರ ಕಣಕುಂಬಿಗೆ: ಕಾರ್ವಿ ಪೊದೆಯ ಹುಳುಗಳನ್ನು ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಖಾನಾಪುರ ತಾಲೂಕಿನ ಕಣಕುಂಬಿ ಕಡೆಗೆ ಹೊರಡುತ್ತಿದ್ದೇವೆ. ಬೆಳಿಗ್ಗೆ 6 ಗಂಟೆಗೆ ಬೆಳಗಾವಿ ಬಸ್ ನಿಲ್ದಾಣದ ಮುಂದೆ ಸೇರೋಣ. ಅರಣ್ಯ ಇಲಾಖೆ ಅನುಮತಿ ಕೊಟ್ಟ ದಾರಿಯಲ್ಲಷ್ಟೇ ನಡಿಗೆ.

ಮರಗಳ ನೆರಳಿನಲ್ಲಿ ಆಳೆತ್ತರ ಬೆಳೆಯುವ ಕಾರ್ವಿ ಪೊದೆಗಾಗಿಯೇ ಈ ಸಲದ ಪಯಣ. ಏಳೆಂಟು ವರ್ಷಕ್ಕೊಮ್ಮೆ ಒಟ್ಟಾಗಿ ಹೂಬಿಟ್ಟಾಗ ಜನ ಮುಗಿಬೀಳುತ್ತಾರೆ. ಉಳಿದ ವರ್ಷಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನನಗಂತೂ ಹೂವಿಲ್ಲದ ಕಾರ್ವಿಯೇ ಹೆಚ್ಚು ಇಷ್ಟ. ಅದರ ಒರಟು ಎಲೆಯನ್ನು ತಿಂದು ಚಾಕೊಲೇಟ್ ಪ್ಯಾನ್ಸಿ ಚಿಟ್ಟೆಯ ಮರಿಹುಳುಗಳು ಬೆಳೆಯುತ್ತವೆ. ರೆಕ್ಕೆ ಮಡಚಿದರೆ ಥೇಟ್ ಒಣಗಿದ ಎಲೆಯಾಗಿಬಿಡುವ ನೀಲಿ ಓಕ್‌ಲೀಫ್ ಚಿಟ್ಟೆಯ ಮರಿಗಳಿಗೂ ಇದೇ ಆಹಾರ. ಎಲೆಯ ಅಂಚು ಕಚ್ಚಿದಂತಿದ್ದು, ಕೆಳಗಿನ ಎಲೆಯ ಮೇಲೆ ಸಾಸಿವೆಯಂಥ ಕಪ್ಪು ಹಿಕ್ಕೆ ಬಿದ್ದಿದ್ದರೆ ಅಲ್ಲೇ ನಿಂತು, ಬಗ್ಗಿ ಎಲೆಯ ಅಡಿಯನ್ನು ನೋಡಿ. ಮೈತುಂಬ ಕವಲುಮುಳ್ಳುಗಳಿರುವ ಕಡುಬಣ್ಣದ ಹುಳು ಅಲ್ಲಿರಬಹುದು.

ದಯವಿಟ್ಟು ಯಾರೂ ಹುಳುವನ್ನು ಮುಟ್ಟಬೇಡಿ, ಟೊಂಗೆ ಮುರಿಯಬೇಡಿ, ಸಾಕಲೆಂದು ಮನೆಗೆ ತರಬೇಡಿ. ತಾಜಾ ಕಾರ್ವಿ ಎಲೆ ಊರಿನಲ್ಲಿ ಸಿಗುವುದಿಲ್ಲ. ಹುಳು ಹಸಿದು ಸಾಯುತ್ತದೆ. ಫೋಟೊ ತೆಗೆಯುವಾಗ ಫ್ಲಾಶ್ ಬೇಡ.

ಇಂಬಳದ ಕಾಟವಿದೆ. ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ ಧರಿಸಿ. ಕೊಡೆ, ನೀರು, ತಿಂಡಿ ನಿಮ್ಮದೇ ಇರಲಿ. ಮಕ್ಕಳ ಜೊತೆ ಪಾಲಕರೊಬ್ಬರು ಕಡ್ಡಾಯ.

ಬರುವವರು ಗುರುವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ಬರೆಯಿರಿ. ಕಾರು ತರುವವರು ಎಷ್ಟು ಜನರಿಗೆ ಜಾಗವಿದೆ ಎಂದೂ ತಿಳಿಸಿ. ಭೂತಗನ್ನಡಿ ಇದ್ದವರು ಮರೆಯದೆ ತನ್ನಿ, ನಮ್ಮಲ್ಲಿರುವುದು ಎಲ್ಲರಿಗೂ ಸಾಲುವುದಿಲ್ಲ.