ರಾಜ್ಯೋತ್ಸವಕ್ಕೆ ಯಾವ ಪಿಕ್ಚರ್ರು?

ನಮ್ಮ ಹೊರನಾಡ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯ ಬೆಂಗಳೂರಿನಿಂದ, ಅಮ್ಮನ ಮನೆಯ ಊಟದ ಮೇಜಿನ ಮೇಲೆ, ಕರೆಂಟು ಹೋಗಿ ಬರುವ ನಡುವೆ. ಪುಟ ಜೋಡಿಸುವವರಿಂದ ಮತ್ತೆ ಮೆಸೇಜು ಬಂದಿದೆ: "ಮೇಡಂ, ಇವತ್ತು ರಾತ್ರಿಯೇ ಕೊನೆ." ಇತ್ತ ಸಂಘದ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವಕ್ಕೆ ಯಾವ ಸಿನಿಮಾ ಹಾಕಬೇಕು ಎಂಬ ಜಗಳ ಮುಗಿದಿಲ್ಲ. ಸಂಬಳವಿಲ್ಲದ ಈ ಕೆಲಸಕ್ಕೆ ಒಂದು ಪುಟವಾದರೂ ನನ್ನದಿದೆಯಲ್ಲ, ಇಲ್ಲೇ ಹೇಳಿಬಿಡುತ್ತೇನೆ.

ಈ ಸಲ ಊರಿಗೆ ಬಂದ ಹೊಸದರಲ್ಲಿ ಮಗಳನ್ನು ಇಲ್ಲಿನ ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋದೆ. ಸಿನಿಮಾದ ಹೆಸರು ಬೇಡ. ನಾಯಕ ಕಾರಿನಿಂದಿಳಿದು ಬಾಗಿಲು ಮುಟ್ಟುವಷ್ಟರಲ್ಲಿ ಪಾಪ್‌ಕಾರ್ನ್ ಅರ್ಧ ಖಾಲಿ, ಎಲ್ಲ ಸ್ಲೋ ಮೋಷನ್. ಮಗಳು ಜೋರಾಗಿಯೇ ಕೇಳಿದಳು: "ಅಮ್ಮಾ, ಇವ್ರು ಬಚ್ಚಲುಮನೆಗೂ ಹೀಗೇ ನಡ್ಕೊಂಡ್ ಹೋಗ್ತಾರಾ?" ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಧೂಳು, ಹೊಗೆ, ಕತ್ತಲು. ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಡೈಲಾಗೇ ಕೇಳದು. ಗುಂಪಿನಲ್ಲಿ ಕೆಲವರು "ನಮ್ಮ ಭಾಷೆಯ ಸಿನಿಮಾ, ಬೆಂಬಲಿಸಬೇಕು" ಅಂತೀರಿ. ಟಿಕೆಟ್ ಕೊಂಡು ಬೆಂಬಲಿಸಿದ್ದಾಯಿತು. ಹೊಗಳಲೂಬೇಕು ಅಂದರೆ ನನ್ನ ಕೈಲಾಗದು.

ಸಿನಿಮಾ ನೋಡುವುದನ್ನು ನನಗೆ ಕಲಿಸಿದ್ದು ಚಿಕ್ಕಮ್ಮ. ಹನುಮಂತನಗರದಿಂದ ಬಿಟಿಎಸ್ ಬಸ್ಸು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದು, ಕೆ.ಜಿ. ರಸ್ತೆಯ ಕಟೌಟುಗಳನ್ನು ಕತ್ತೆತ್ತಿ ನೋಡುತ್ತಾ ನಡೆಯುವುದು. ಹೆಂಗಸರ ಕ್ಯೂ ಚಿಕ್ಕದಿರುತ್ತಿತ್ತು. ಅದಕ್ಕೇ ಗುರುತು ಪರಿಚಯವಿಲ್ಲದ ಹುಡುಗರೆಲ್ಲ "ಅಕ್ಕಾ, ಎರಡು ಬಾಲ್ಕನಿ ತೆಕ್ಕೊಡಿ" ಎಂದು ದುಡ್ಡು ಚಾಚುತ್ತಿದ್ದರು. ಚಿಕ್ಕಮ್ಮ ಬ್ಲಾಕ್ ಟಿಕೆಟಿನವರನ್ನು ಮುಖ ನೋಡಿಯೇ ಗದರಿ ಓಡಿಸುತ್ತಿದ್ದಳು, ಕಾಲೇಜು ಹುಡುಗರಿಗೆ ಮಾತ್ರ ಕೃಪೆ. 'ಕಸ್ತೂರಿ ನಿವಾಸ' 1971ರದ್ದು. ನಾವು ನೋಡಿದ್ದು ಎಷ್ಟೋ ವರ್ಷದ ಮೇಲೆ ಅದು ಮತ್ತೆ ಬಿಡುಗಡೆಯಾದಾಗ. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸಿ ಬಾಳಿದ ರಾಜ್‌ಕುಮಾರ್, ಎಲ್ಲ ಕಳೆದುಕೊಂಡ ಮೇಲೆ, ಮನೆಗೆ ಬಂದವಳಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೂ ಮಾರಿಸಿಬಿಡುತ್ತಾರೆ. ಅವಳು ಬಂದಿದ್ದೇ ಮಗುವಿಗಾಗಿ ಆ ಪಾರಿವಾಳ ಕೇಳಲು. ಬಾಲ್ಕನಿ ತುಂಬ ಮೂಗು ಸೊರಗುಟ್ಟುವ ಸದ್ದು, ಚಿಕ್ಕಮ್ಮನ ಸೆರಗು ಒದ್ದೆ. ಆಮೇಲೆ ಗಾಂಧಿನಗರದ ಹೋಟೆಲಿನಲ್ಲಿ ಮಸಾಲೆದೋಸೆಗೆ ಚಟ್ನಿ ಇನ್ನಷ್ಟು ಹಾಕಿಸಿಕೊಳ್ಳುತ್ತಾ ತೀರ್ಪು ಕೊಟ್ಟಳು: "ದೇವರಂಥ ಮನುಷ್ಯ ಕಣೇ. ಆದ್ರೆ ಇಷ್ಟೊಂದು ದಾನ ಮಾಡೋನನ್ನ ಕಟ್ಕೋಬೇಡ, ಮನೆ ಮಠ ಉಳಿಯಲ್ಲ." ಮನಸಾರೆ ಅತ್ತಿದ್ದೂ ನಿಜ, ಹುಳುಕು ಹೇಳಿದ್ದೂ ನಿಜ. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ತಂದರು; ನನಗೂ ಚಿಕ್ಕಮ್ಮನಿಗೂ ಕಪ್ಪುಬಿಳುಪೇ ಸಾಕು. ಈ ಸಲ ನೋಡಿದರೆ ಕಪಾಲಿ ಟಾಕೀಸು ಇಲ್ಲ, ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಟಾಕೀಸು ಇದ್ದ ಕಡೆ ಜನ ಮೆಟ್ರೋ ಹತ್ತುತ್ತಾರೆ.

ಜಗಳಕ್ಕೆ ಬರೋಣ. 'ಮುಂಗಾರು ಮಳೆ' ಬೇಡ, ಎಲ್ಲರಿಗೂ ಬಾಯಿಪಾಠ. ಮಳೆ ಚೆಂದ, ಮೊಲ ಇನ್ನೂ ಚೆಂದ, ಗಣೇಶನ ವಟವಟ ಮಾತ್ರ ಎರಡನೇ ಸಲಕ್ಕೇ ತಲೆನೋವು. (ಬೈಯುವವರು ನನಗೇ ಮೆಸೇಜು ಮಾಡಿ, ಅಧ್ಯಕ್ಷರಿಗಲ್ಲ.) ರಾಮ್ ರೆಡ್ಡಿಯವರ 'ತಿಥಿ'ಯನ್ನು ನಾನೇ ಸೂಚಿಸಿದ್ದೆ. ಮಂಡ್ಯದ ಕಡೆಯ ಹಳ್ಳಿಯವರೇ ನಟಿಸಿದ್ದಾರೆ, ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿದೆ. "ಹಬ್ಬದ ದಿನ ತಿಥೀನಾ?" ಎಂದು ಹಿರಿಯರೊಬ್ಬರು ಕೇಳಿದ ಮೇಲೆ ಸುಮ್ಮನಾದೆ. ನಗಲೇಬೇಕು ಅನ್ನುವವರಿಗೆ ಫಣಿ ರಾಮಚಂದ್ರರ 'ಗಣೇಶನ ಮದುವೆ' (1990) ಇದೆ: ವಠಾರ, ಜಗಳ, ಅನಂತ್‌ನಾಗ್.

ನನ್ನ ಓಟು ಅದೇ ಅನಂತ್‌ನಾಗ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'ವಿಗೆ (2016). ಮರೆವಿನ ಕಾಯಿಲೆಯ ಅಪ್ಪ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ, ಕೆಲಸ ಕೆಲಸ ಅಂತಿದ್ದ ಮಗ ಹುಡುಕಿಕೊಂಡು ಹೊರಡುತ್ತಾನೆ. ರೌಡಿಗಳ ಉಪಕಥೆ ಇಷ್ಟು ಎಳೆಯಬೇಕಿರಲಿಲ್ಲ. ಆದರೆ ಆ ಅಪ್ಪ ಮಾತಾಡುವುದು ನಮ್ಮ ಮನೆಯ ಮಾತು, ನಡೆಯುವುದು ಮನುಷ್ಯರ ವೇಗದಲ್ಲಿ. "ಅಪ್ಪ ಅಮ್ಮನ್ನ ಊರಲ್ಲಿ ಬಿಟ್ಟು ಬಂದೋರಿಗೆ ಅದನ್ನೇ ತೋರಿಸ್ಬೇಕಾ?" ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ಹೌದು, ಅದನ್ನೇ. ನಾಯಕನ ಕನ್ನಡಕ ನಿಧಾನವಾಗಿ ಹಾರುವುದನ್ನು ನೋಡಲು ಹಾಲ್ ಬಾಡಿಗೆ ಕೊಡುವುದಕ್ಕಿಂತ ಇದು ವಾಸಿ.

ಜಾಗ ಮುಗಿಯಿತು, ಸೂಚನೆಗಳು ಗಡಿಬಿಡಿಯಲ್ಲಿ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಅದೇ ಹಾಲ್, ಧ್ವಜ ಹತ್ತಕ್ಕೆ, ಸಿನಿಮಾ ಊಟದ ಮೇಲೆ, ಮಕ್ಕಳ ಕೋಲಾಟದ ಅಭ್ಯಾಸ ಪ್ರತಿ ಭಾನುವಾರ, ಕೋಲು ಮನೆಯಿಂದಲೇ ತನ್ನಿ, ಸದಸ್ಯತ್ವದ ಬಾಕಿ ಇರುವವರು ದಯವಿಟ್ಟು ಕಟ್ಟಿ. ಕನ್ನಡ ಟೈಪಿಂಗ್ ಬಲ್ಲವರು, ಕರಡು ತಿದ್ದಬಲ್ಲವರು ಒಬ್ಬರಾದರೂ ಮುಂದೆ ಬನ್ನಿ, ಮುಂದಿನ ಸಂಚಿಕೆಗೆ ಈಗ ಇರುವುದು ನಾನೊಬ್ಬಳೇ. ಪ್ರೊಜೆಕ್ಟರ್ ಸಿಕ್ಕಿದೆ, ಅದನ್ನು ಹೊತ್ತು ತರಲು ದೊಡ್ಡ ಕಾರು ಬೇಕು. ಬಿಸಿಬೇಳೆಬಾತಿಗೆ ಹೆಸರು ಬಂದಿದೆ, ಮೊಸರನ್ನಕ್ಕೆ ಯಾರೂ ಒಪ್ಪಿಲ್ಲ.