ಸುಹಾಸನಿಗೆ: ಆರುನೂರೈವತ್ತೋ, ಒಂಬೈನೂರೋ?

ಮೈಸೂರು
ಭಾನುವಾರ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ, ಆ ಉದ್ದದ ಪಟ್ಟಿ ಎಲ್ಲ ನೋಡಿದೆ. ವಾಟ್ಸಾಪಿನಲ್ಲಿ ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಅದಕ್ಕೇ ಕಾಗದ. ಕವಾಸಾಕಿ ಝೆಡ್ 650 ತಗೊಳ್ಳಲೋ, ಝೆಡ್ 900 ತಗೊಳ್ಳಲೋ ಅಂತ ನಿನ್ನ ಪ್ರಶ್ನೆ. ಅಕ್ಕ ಬೆಳಿಗ್ಗೆ ಫೋನ್ ಮಾಡಿ, "ಎರಡೂ ಬೇಡ ಅಂತ ಬುದ್ಧಿ ಹೇಳೋ" ಅಂದಳು. ಅದು ನನ್ನಿಂದ ಆಗುವುದಿಲ್ಲ. ಗ್ಯಾರೇಜಿನಲ್ಲೇ ಕೂದಲು ಹಣ್ಣಾದವನು ಬೈಕು ಬೇಡ ಅಂದರೆ ಯಾರು ಕೇಳುತ್ತಾರೆ?

ಸುತ್ತಿ ಬಳಸುವುದು ಬೇಡ. ನೀನು 650 ತಗೋ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ. ಓದಿದ ಮೇಲೂ 900 ಬೇಕು ಅನ್ನಿಸಿದರೆ ತಗೋ, ನಾನು ಮುನಿಸಿಕೊಳ್ಳುವವನಲ್ಲ.

ಈಗ ನೀನು ಓಡಿಸುತ್ತಿರುವ ಪಲ್ಸರ್ ಎನ್‌ಎಸ್ 200ರ ಶಕ್ತಿ 24.5 ಪಿಎಸ್, ಅಂದರೆ ಹೆಚ್ಚೂ ಕಡಿಮೆ ಅಷ್ಟೇ ಅಶ್ವಶಕ್ತಿ. 650ರದು 68. 900ರದು ಸುಮಾರು 125. ಅಂದರೆ 650ಕ್ಕೆ ಹೋದರೂ ಈಗಿರುವುದರ ಎರಡೂಮುಕ್ಕಾಲು ಪಟ್ಟು ಶಕ್ತಿ ನಿನ್ನ ಬಲಗೈಗೆ ಬರುತ್ತದೆ. 900ರಲ್ಲಿ ಐದು ಪಟ್ಟು. ನಿನ್ನ ಪಟ್ಟಿಯಲ್ಲಿ 650ನ್ನು "ಸೇಫ್ ಆಪ್ಷನ್" ಅಂತ ಬರೆದಿದ್ದೀಯ. ಅದನ್ನು ನೋಡಿ ನಗು ಬಂತು ಕಣೋ. 191 ಕೆಜಿ ತೂಕದ ಗಾಡಿಗೆ 68 ಪಿಎಸ್ ಅಂದರೆ ಮಕ್ಕಳಾಟ ಅಲ್ಲ. ಪಕ್ಕದಲ್ಲಿ 900 ನಿಂತಿರುವುದರಿಂದ ಅದು ಸಣ್ಣದಾಗಿ ಕಾಣುತ್ತಿದೆ, ಅಷ್ಟೆ.

ಇನ್ನು ಟಾಪ್ ಸ್ಪೀಡಿನ ಸಾಲು. ಅದಕ್ಕೆ ಕೆಂಪು ಗೆರೆ ಬೇರೆ ಎಳೆದಿದ್ದೀಯ. ನಮ್ಮ ದೇಶದಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಮಿತಿ ಗಂಟೆಗೆ 80 ಕಿಲೋಮೀಟರ್. ಊರೊಳಗೆ 60. ಝೆಡ್ 900 ಮೊದಲ ಗೇರಿನಲ್ಲೇ 80 ದಾಟುತ್ತದೆ. ಉಳಿದ ಐದು ಗೇರನ್ನು ಏನು ಮಾಡುತ್ತೀಯ? ನೀನು ತಿಂಗಳಿಗೊಮ್ಮೆ ನಮ್ಮನೆಗೆ ಬರುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುತ್ತಿಲ್ಲ. ಸರ್ವಿಸ್ ರೋಡಿನಲ್ಲಿ ಟ್ರ್ಯಾಕ್ಟರ್, ಎಮ್ಮೆ, ಎದುರಿನಿಂದ ಬರುವ ಆಟೋ ಎಲ್ಲವನ್ನೂ ದಾಟಿಕೊಂಡು ಬರಬೇಕು. ಅಲ್ಲಿ 125 ಪಿಎಸ್ ಇದ್ದವನೂ 25 ಪಿಎಸ್ ಇದ್ದವನೂ ಒಂದೇ ಹೊತ್ತಿಗೆ ಮಂಡ್ಯ ತಲುಪುತ್ತಾರೆ.

ಕಾನೂನು ಬಿಡು, ಗಾಳಿಯ ವಿಷಯ ನೋಡು. ಇವು ನೇಕೆಡ್ ಬೈಕುಗಳು, ಮುಂದೆ ಗಾಜಿಲ್ಲ, ಗಾಳಿ ತಡೆಯುವ ಹೊದಿಕೆ (ಫೇರಿಂಗ್) ಇಲ್ಲ. ನೂರರಲ್ಲಿ ಒಂದೇ ಸಮನೆ ಹೋಗಲು ಇಂಥ ಬೈಕಿಗೆ ಹದಿನೈದು ಪಿಎಸ್ ಆಸುಪಾಸು ಸಾಕು. ಅಲ್ಲಿಂದ ಮೇಲೆ ವೇಗ ಏರಿದಂತೆ ಗಾಳಿಯ ಒತ್ತಡ ಜೋರಾಗಿ ಏರುತ್ತದೆ, ಮತ್ತೆ ಅದನ್ನು ತಡೆಯುವುದು ನಿನ್ನ ಎದೆ, ನಿನ್ನ ಕುತ್ತಿಗೆ. ನೂರಿಪ್ಪತ್ತರಲ್ಲಿ ಅರ್ಧ ಗಂಟೆ ಹೋಗಿ ನೋಡು, ನೀನೇ ತಾನಾಗಿ ನೂರಕ್ಕೆ ಇಳಿಸುತ್ತೀಯ. ನೂರರಲ್ಲಿ 650 ಏನೂ ತಿಣುಕುವುದಿಲ್ಲ.

ಹಾಗಾದರೆ 900ರಲ್ಲಿ ಏನು ಸಿಗುತ್ತದೆ? ಆ ನಾಲ್ಕು ಸಿಲಿಂಡರಿನ ನುಣುಪು ಸಿಗುತ್ತದೆ. ಸುಳ್ಳು ಹೇಳಬಾರದು, ಅದು ಬಹಳ ಚೆಂದ. ಯಾವ ಗೇರಿನಲ್ಲಿ ಇದ್ದರೂ ಎಕ್ಸಲೇಟರ್ ಕೊಟ್ಟ ಕೂಡಲೇ ಎಳೆದುಕೊಂಡು ಹೋಗುತ್ತದೆ, ಗೇರ್ ಇಳಿಸುವ ಗೋಜೇ ಇಲ್ಲ. ಸುಮಾರು 98 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸುಮ್ನೆ ಅಲ್ಲ. 650ರದು 64. ಎರಡು ಸಿಲಿಂಡರ್ ಆದ್ದರಿಂದ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ನಡುಗುತ್ತದೆ, ಶಬ್ದವೂ ಒರಟು. 900ರ ಮುಂದಿನ ಫೋರ್ಕನ್ನು ನಿನ್ನ ತೂಕಕ್ಕೆ ತಕ್ಕಂತೆ ತಿರುಪಿ ಹೊಂದಿಸಬಹುದು. 650ರಲ್ಲಿ ಕಂಪನಿ ಕೊಟ್ಟ ಹಾಗೇ ಓಡಿಸಬೇಕು. ಇನ್ನೊಂದು, 2025ರ 900ಕ್ಕೆ ಬಾಗಿದಾಗಲೂ ಲೆಕ್ಕ ಹಾಕಿ ಬ್ರೇಕ್ ಹಿಡಿಯುವ ಎಲೆಕ್ಟ್ರಾನಿಕ್ಸ್ ಬಂದಿದೆ. ನನ್ನ ವಾದಕ್ಕೆ ಇದು ಸ್ವಲ್ಪ ತೊಡಕೇ. ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಹಿಡಿದರೆ ಕಾಪಾಡುವ ಯಂತ್ರ ಅದು. ಆದರೆ ಆ ತಿರುವಿಗೆ ಅಷ್ಟು ವೇಗದಲ್ಲಿ ನುಗ್ಗುವಂತೆ ಮಾಡುವುದೂ ಅದೇ ಬೈಕು, ಅಲ್ವಾ?

"ಲೋ ಪವರ್ ಮೋಡ್ ಇದೆಯಲ್ಲ ಮಾವ" ಅಂತ ನೀನು ಕೇಳುತ್ತೀಯ, ಗೊತ್ತು. ಇದೆ. ಒತ್ತಿದರೆ ಶಕ್ತಿ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತೂಕ ಇಳಿಯುವುದಿಲ್ಲ, ಬೆಲೆಯೂ ಇಳಿಯುವುದಿಲ್ಲ. ಅರ್ಧ ಶಕ್ತಿಯಲ್ಲೇ ಓಡಿಸುವುದಾದರೆ ಪೂರ್ತಿ ದುಡ್ಡು ಯಾಕೆ ಕೊಡಬೇಕು? ಅದೂ ಅಲ್ಲದೆ ಬಟನ್ ನಿನ್ನ ಹೆಬ್ಬೆರಳ ಕೆಳಗೇ ಇರುತ್ತದೆ. ಪಕ್ಕದಲ್ಲಿ ಯಾರಾದರೂ ಎಕ್ಸಲೇಟರ್ ತಿರುವಿ ಶಬ್ದ ಮಾಡಿದ ದಿನ ಆ ಮೋಡ್ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತು.

ನಮ್ಮ ಗ್ಯಾರೇಜಿಗೆ ಯಾವುದೇ ದೊಡ್ಡ ಬೈಕು ಬಂದರೂ ನಾನು ಮೊದಲು ನೋಡುವುದು ಹಿಂದಿನ ಟೈರು. ಓಡಿಸುವವನ ಬಾಯಿಗಿಂತ ಅದು ಜಾಸ್ತಿ ಹೇಳುತ್ತದೆ. ಎಷ್ಟೋ ಟೈರುಗಳು ನಡುವೆ ಸವೆದು ಚಪ್ಪಟೆಯಾಗಿರುತ್ತವೆ, ಅಂಚಿನಲ್ಲಿ ಮಾತ್ರ ಹೊಸ ಟೈರಿನ ಸಣ್ಣ ರಬ್ಬರ್ ಕೂದಲು ಹಾಗೇ ಇರುತ್ತದೆ. ಹುಡುಗ ಚಾರ್ಮಾಡಿ ಘಾಟಿ, ಆಗುಂಬೆ ಅಂತ ಕತೆ ಹೇಳುತ್ತಿರುತ್ತಾನೆ. ಟೈರು ರಿಂಗ್ ರೋಡಿನ ಕತೆ ಹೇಳುತ್ತಿರುತ್ತದೆ. ಅದೇ ಸಣ್ಣ ಬೈಕುಗಳ ಟೈರು ಅಂಚಿನವರೆಗೂ ಸವೆದಿರುತ್ತದೆ. ಹೆದರಿಕೆ ಇಲ್ಲದೆ ಬಾಗಿಸುತ್ತಾರೆ, ಎಕ್ಸಲೇಟರ್ ಪೂರ್ತಿ ತಿರುಗಿಸುತ್ತಾರೆ, ದಿನವೂ ಓಡಿಸುತ್ತಾರೆ. ದೊಡ್ಡ ಬೈಕುಗಳ ಇನ್ನೊಂದು ಸಾಮಾನ್ಯ ಕಾಯಿಲೆ ಬ್ಯಾಟರಿ ಡೌನ್. ವಾರಗಟ್ಟಲೆ ಕವರ್ ಹೊದ್ದು ಬೇಸ್‌ಮೆಂಟಿನಲ್ಲಿ ನಿಂತರೆ ಇನ್ನೇನಾಗುತ್ತದೆ?

ನನ್ನ ಒಟ್ಟು ಮಾತು ಇಷ್ಟೇ ಕಣೋ. ನಿನ್ನ ಕೈಯಲ್ಲಿ ಎಕ್ಸಲೇಟರ್ ಪೂರ್ತಿ ತಿರುಗಿಸಲು ಆಗುವ ಬೈಕು ತಗೋ. ಖಾಲಿ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ, 650ನ್ನು ಎರಡು ಮೂರು ಸೆಕೆಂಡಾದರೂ ಪೂರ್ತಿ ತಿರುಗಿಸಬಹುದು. 900ರಲ್ಲಿ ಕಾಲು ಭಾಗ ತಿರುಗಿಸುವಷ್ಟರಲ್ಲಿ ಮುಂದಿನ ಲಾರಿ ಬಂದುಬಿಟ್ಟಿರುತ್ತದೆ.

ನೀನಿರುವ ಜಾಗ ನೆನಪು ಮಾಡಿಕೋ. ಮಾರತ್ತಹಳ್ಳಿಯಿಂದ ಆಫೀಸಿಗೆ ಹೊರ ವರ್ತುಲ ರಸ್ತೆ. ಸಂಜೆ ಸಿಲ್ಕ್ ಬೋರ್ಡ್ ಕಡೆ ಬಂದರೆ ಹಾಫ್ ಕ್ಲಚ್, ಒಂದು ಕಾಲು ನೆಲಕ್ಕೆ, ಮತ್ತೆ ಹಾಫ್ ಕ್ಲಚ್. 900ರ 948 ಸಿಸಿ ಇಂಜಿನ್ ಆ ಹೊತ್ತಿನಲ್ಲಿ ಬಿಸಿಯೇರುತ್ತದೆ, ಫ್ಯಾನ್ ಶುರುವಾಗಿ ಬಿಸಿಗಾಳಿ ತೊಡೆಗೆ ಹೊಡೆಯುತ್ತದೆ. 650ರಲ್ಲೂ ಬಿಸಿ ಇದೆ, ಆದರೆ ಅಷ್ಟಿಲ್ಲ. ತೂಕದಲ್ಲಿ ಇಪ್ಪತ್ತು ಕೆಜಿ ವ್ಯತ್ಯಾಸ ಓಡುವಾಗ ಗೊತ್ತಾಗುವುದೇ ಇಲ್ಲ. ನಿನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಬೈಕನ್ನು ಹಿಂದಕ್ಕೆ ನೂಕುವಾಗ ಗೊತ್ತಾಗುತ್ತದೆ. ಸೀಟು 650ರಲ್ಲಿ 790 ಮಿಲಿಮೀಟರ್, 900ರಲ್ಲಿ 820ರ ಮೇಲೆ. ನಿನ್ನ ಎತ್ತರಕ್ಕೆ ಒಂದರಲ್ಲಿ ಎರಡೂ ಪಾದ ಊರುತ್ತದೆ, ಇನ್ನೊಂದರಲ್ಲಿ ಬೆರಳ ತುದಿ. ಹೊಸ ಬೈಕು ಬೀಳಿಸುವವರಲ್ಲಿ ಬಹಳ ಜನ ನಿಂತಲ್ಲೇ ಬೀಳಿಸುತ್ತಾರೆ. ಲಿವರ್, ಫುಟ್‌ಪೆಗ್, ಇಂಜಿನ್ ಕವರ್, ಒಂದು ಸಲಕ್ಕೇ ಹೋಗುತ್ತದೆ.

ನಿನ್ನ ಸ್ನೇಹಿತರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. "ಎರಡು ವರ್ಷಕ್ಕೆ 650 ಬೋರ್ ಆಗುತ್ತೆ, ಈಗಲೇ 900 ತಗೊಂಡುಬಿಡು." ಇದು ಹೊಸ ಮಾತಲ್ಲ. 1983ರಲ್ಲಿ ಎಸ್ಕಾರ್ಟ್ಸ್‌ನವರು ರಾಜದೂತ್ 350 ತಂದಾಗ ಇದೇ ಮೈಸೂರಿನಲ್ಲಿ ಇದೇ ಮಾತು ಕೇಳಿದ್ದೇನೆ. ನಮ್ಮೂರ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು, ಹುಡುಗರೆಲ್ಲ ಯೆಜ್ದಿ ಮೇಲೆ. 350 ಬಂತು ನೋಡು, 30 ಅಶ್ವಶಕ್ತಿಗಿಂತ ಸ್ವಲ್ಪ ಜಾಸ್ತಿ, ಎಲ್ಲರಿಗೂ ಹುಚ್ಚು ಹಿಡಿಯಿತು. ಮುಂದೆ ಇದ್ದದ್ದು ಡ್ರಮ್ ಬ್ರೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂತ ಜನ ದೂರಿದ ಮೇಲೆ ಲೋ ಟಾರ್ಕ್ ಅಂತ ಇನ್ನೊಂದು ತಂದರು. ನಮ್ಮ ಓಣಿಯ ಹುಡುಗರ ಬಾಯಲ್ಲಿ ಅದು ಹೆಂಗಸರ ಗಾಡಿ ಆಯಿತು. ಆಗ ಮಾಡಿದ ತಮಾಷೆಗಳಲ್ಲಿ ಅರ್ಧ ಈಗ ಹೇಳುವ ಹಾಗಿಲ್ಲ, ಬಿಡು. ಆ ಕಾಲದಲ್ಲಿ ಗಾಡಿ ಓಡುತ್ತಿತ್ತು, ನಿಲ್ಲುತ್ತಿರಲಿಲ್ಲ. ಈಗ ಹಾಗಿಲ್ಲ. ನೀನು ನೋಡಿರುವ ಎರಡಕ್ಕೂ ಮುಂದೆ ಎರಡು ಡಿಸ್ಕ್ ಬ್ರೇಕ್ ಇದೆ, ಜೋರಾಗಿ ಹಿಡಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆ. ಬೈಕು ನಿಲ್ಲುತ್ತದೆ. ಆದರೆ ಮೂರು ಸೆಕೆಂಡಿನಲ್ಲಿ ಎಲ್ಲಿಗೆ ಬಂದೆ ಅನ್ನುವುದು ನಿನ್ನ ಕಣ್ಣಿಗೆ, ತಲೆಗೆ ಗೊತ್ತಾಗಬೇಕಲ್ಲ, ಅದು ಎನ್‌ಎಸ್ 200ರಿಂದ ಒಂದೇ ಸಲಕ್ಕೆ 900ಕ್ಕೆ ಹಾರಿದರೆ ಬರುವುದಿಲ್ಲ. 650ರಲ್ಲಿ ಎರಡು ಮಳೆಗಾಲ ಕಳೆ. ಆಗಲೂ 900 ಬೇಕೆನಿಸಿದರೆ ನಾನೇ ಜೊತೆಗೆ ಬರುತ್ತೇನೆ, ಹಳೆಯದಕ್ಕೆ ಒಳ್ಳೆ ಬೆಲೆ ಮಾತಾಡಿ ಕೊಡಿಸುತ್ತೇನೆ.

ನಡುವೆ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ 765 ಹೆಸರನ್ನೂ ಎತ್ತಿದ್ದೀಯ, "ಅದೂ ಮಿಡ್‌ಸೈಜ್ ತಾನೇ" ಅಂತ. ಸಿಸಿ ನೋಡಿ ಮೋಸ ಹೋಗಬೇಡ. ಆರ್ ಮಾಡೆಲ್ 120 ಪಿಎಸ್, 189 ಕೆಜಿ. ತೂಕಕ್ಕೆ ಸಿಗುವ ಶಕ್ತಿಯ ಲೆಕ್ಕದಲ್ಲಿ ಅದು 900ಕ್ಕಿಂತ ಒಂದು ಕೈ ಮೇಲೆ.

ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಎಲ್ಲಕ್ಕೂ 40 ಪರ್ಸೆಂಟ್ ಜಿಎಸ್‌ಟಿ, ಹಾಗಾಗಿ ಎರಡಕ್ಕೂ ಒಂದೇ ಬರೆ. ಮೇಲೆ ಒಂದು ಲಕ್ಷ ದಾಟಿದ ಗಾಡಿಗೆ ಕರ್ನಾಟಕದ 18 ಪರ್ಸೆಂಟ್ ರಸ್ತೆ ತೆರಿಗೆ, ಸೆಸ್ ಬೇರೆ. ಥರ್ಡ್ ಪಾರ್ಟಿ ಇನ್ಶೂರೆನ್ಸೂ ಎರಡಕ್ಕೂ ಒಂದೇ ದರ. ಎಲ್ಲ ಸೇರಿ ಆನ್ ರೋಡಿನಲ್ಲಿ ಸುಮಾರು ಮೂರು ಲಕ್ಷ ವ್ಯತ್ಯಾಸ ಬರುತ್ತದೆ. ಆಮೇಲೆ ಪೆಟ್ರೋಲು: 900 ಲೀಟರಿಗೆ ಹದಿನೈದರಿಂದ ಇಪ್ಪತ್ತು, 650 ಇಪ್ಪತ್ತರ ಮೇಲೆ. ಹಿಂದಿನ ಟೈರು 900ಕ್ಕೆ 180, 650ಕ್ಕೆ 160. ಅಗಲ ಹೆಚ್ಚಿದಂತೆ ಬೆಲೆಯೂ ಹೆಚ್ಚು. ವಾಲ್ವ್ ನೋಡುವ ದಿನ ಬಂದರೆ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹದಿನಾರು. ಮೆಕ್ಯಾನಿಕ್ ಕೂಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಉಳಿದ ಮೂರು ಲಕ್ಷವನ್ನು ಬ್ಯಾಂಕಿನಲ್ಲಿ ಇಡು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಒಂದು ಪಾಲು ಮೈಗೆ ಹಾಕು. ಐಎಸ್‌ಐ ಮಾರ್ಕಿನ ಜೊತೆಗೆ ಯುರೋಪಿನ ಸುರಕ್ಷತಾ ಗುರುತು ಇಸಿಇ 22.06 ಇರುವ ಹೆಲ್ಮೆಟ್, ಭುಜ ಮೊಣಕೈ ಬೆನ್ನಿಗೆ ಗಟ್ಟಿ ಆರ್ಮರ್ ಇರುವ ಜಾಕೆಟ್, ಗ್ಲೌಸು, ಪಾದದ ಮೇಲಿನ ಗಂಟು ಮುಚ್ಚುವ ಬೂಟು. ಆಫೀಸಿಗೆ ಹಾಕುವ ಆ ಸ್ನೀಕರ್ಸ್‌ನಲ್ಲಿ ದೊಡ್ಡ ಬೈಕು ಓಡಿಸಿದ್ದು ಕಂಡರೆ ಕಿವಿ ಹಿಂಡುತ್ತೇನೆ. ಇನ್ನೊಂದು ಪಾಲಿನಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ ತರಬೇತಿ ತಗೋ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಬ್ರೇಕ್ ಎಲ್ಲಿಯವರೆಗೆ ಹಿಡಿಯಬಹುದು, ತಿರುವಿನಲ್ಲಿ ಎಲ್ಲಿ ನೋಡಬೇಕು ಅನ್ನುವುದನ್ನು ಆಗುಂಬೆಯ ಪಾಚಿಗಟ್ಟಿದ ತಿರುವಿನಲ್ಲಿ ಕಲಿಯಲು ಹೋಗಬೇಡ.

ಇನ್ನು ಟೆಸ್ಟ್ ರೈಡ್. ಶೋರೂಮಿನವರು ನೇರ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕೀ ವಾಪಸ್ ಇಸ್ಕೊಳ್ಳುತ್ತಾರೆ. ಅದಕ್ಕೆ ಒಪ್ಪಬೇಡ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಓಡಿಸು. ಸಣ್ಣ ಗಲ್ಲಿಯಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಯೂ ಟರ್ನ್ ಮಾಡು. ಇಳಿಜಾರಿನಲ್ಲಿ ನಿಲ್ಲಿಸಿ, ಇಳಿದು, ಕೈಯಲ್ಲೇ ಹಿಂದಕ್ಕೆ ನೂಕಿ ನೋಡು. ಹಿಂದೆ ಒಬ್ಬರನ್ನು ಕೂರಿಸಿಕೋ, ಸಾಧ್ಯವಾದರೆ ನಿನ್ನ ತಂಗಿಯನ್ನೇ, ಅವಳು ಏನನ್ನಿಸಿತೋ ಅದನ್ನು ನೇರವಾಗಿ ಹೇಳುತ್ತಾಳೆ. ಎರಡೂ ಬೈಕು ಒಂದೇ ದಿನ ಓಡಿಸು, ಮೊದಲು 900, ಆಮೇಲೆ 650. ತಿರುಗಾಮುರುಗಾ ಮಾಡಬೇಡ. ಆ ನಾಲ್ಕು ಸಿಲಿಂಡರಿನ ಶಬ್ದ ಕಿವಿಯಲ್ಲಿ ಇರುವಾಗ ಬುಕಿಂಗ್ ಫಾರಂ ಮುಂದಿಡುತ್ತಾರೆ.

ಗಾಡಿ ಬಂದ ಮೇಲೆ ಮೊದಲ ಸಾವಿರ ಕಿಲೋಮೀಟರ್ ನಿಧಾನಕ್ಕೆ ಓಡಿಸು, ಮೊದಲ ಸರ್ವಿಸ್ ತಪ್ಪಿಸಬೇಡ. ಅದು ಮುಗಿದ ವಾರ ಇಲ್ಲಿಗೆ ಬಾ. ಚೈನು ಎಷ್ಟು ಸಡಿಲ ಇರಬೇಕು, ಟೈರಿಗೆ ಗಾಳಿ ಎಷ್ಟು, ಇವನ್ನು ನಿನ್ನ ಕೈಯಲ್ಲೇ ಮಾಡಿಸುತ್ತೇನೆ. ನಿನ್ನ ಅತ್ತೆ ಆಗಲೇ ಕೇಳುತ್ತಿದ್ದಾಳೆ, ಬರುವಾಗ ಬ್ರಿಗೇಡ್ ರೋಡಿನ ಆ ಬೇಕರಿಯ ಬ್ರೆಡ್ಡು ತರುತ್ತಾನಾ ಅಂತ.

ನಿನ್ನ ಮಾವ